ಹಳೇ ಬೆಳ್ಳಿ ರೂಪಾಯಿಗೆ ಬಣ್ಣ ಬಂದಿದೆಯಾ? ತೊಳೆಯೋ ಮುಂಚೆ ಇಷ್ಟು ತಿಳ್ಕೊಳ್ಳಿ

ವರಮಹಾಲಕ್ಷ್ಮಿ ಹಬ್ಬ, ದೀಪಾವಳಿಯ ಲಕ್ಷ್ಮೀಪೂಜೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಬೆಳ್ಳಿ ಸಾಮಾನು ತೊಳೆಯುವ ಕೆಲಸ ಶುರುವಾಗುತ್ತದೆ. ದೀಪ, ಕುಂಕುಮದ ಭರಣಿ, ಪಂಚಪಾತ್ರೆ ಜತೆಗೆ ಪೂಜೆಯ ಡಬ್ಬಿಯಲ್ಲಿರುವ ರಾಣಿ ಛಾಪು, ರಾಜಾ ಛಾಪಿನ ಬೆಳ್ಳಿ ರೂಪಾಯಿಗಳೂ ಹೊರಗೆ ಬರುತ್ತವೆ. ಕಪ್ಪಾಗಿದೆ, ನೀಲಿ ತಿರುಗಿದೆ, ಅಂಚಿನಲ್ಲಿ ಹಳದಿ ಕಟ್ಟಿದೆ ಎಂದು ಅವುಗಳಿಗೂ ವಿಭೂತಿಯೋ ಹುಣಸೆಹಣ್ಣೋ ಹಾಕಿ ತಿಕ್ಕೋದು ರೂಢಿ.

ಪಾತ್ರೆಗೆ ಇದು ಸರಿ. ನಾಣ್ಯಕ್ಕೆ ಮಾತ್ರ ಬೇಡ. ಸಂಗ್ರಹಕಾರರು 'ಟೋನಿಂಗ್' ಎಂದು ಕರೆಯುವ ಆ ಬಣ್ಣದ ಪೊರೆ ಕೆಲವು ನಾಣ್ಯಗಳಲ್ಲಿ ಬೆಳ್ಳಿಯ ಬೆಲೆಗಿಂತ ಹೆಚ್ಚು ಬೆಲೆ ತರುತ್ತದೆ. ಇನ್ನು ಕೆಲವಕ್ಕೆ ಏನೂ ತರುವುದಿಲ್ಲ. ಬಣ್ಣದ ಹೆಸರಲ್ಲಿ ಮೋಸವೂ ಉಂಟು. ಒಮ್ಮೆ ತಿಕ್ಕಿದ ಮೇಲೆ ಹೋದದ್ದು ವಾಪಸ್ ಬರಲ್ಲ. ಹಾಗಾಗಿ ಮನೆಯವರಿಗೂ ಬೆಳ್ಳಿ ಅಂಗಡಿಯವರಿಗೂ ಈ ವ್ಯತ್ಯಾಸ ಗೊತ್ತಿರುವುದು ಒಳ್ಳೆಯದು.

ಮೊದಲು ನೋಡಬೇಕಾದ್ದು: ಅದು ಯಾವ ರೂಪಾಯಿ?

ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಬೆಳ್ಳಿ ನಾಣ್ಯಗಳು ಇವು:

- ವಿಕ್ಟೋರಿಯಾ ರಾಣಿಯ ರೂಪಾಯಿ. 1840ರದ್ದು ಈಸ್ಟ್ ಇಂಡಿಯಾ ಕಂಪನಿಯ ಹೆಸರಿನದ್ದು. 1862ರಿಂದ 'ಕ್ವೀನ್' ಎಂದೂ 1877ರಿಂದ 'ಎಂಪ್ರೆಸ್' ಎಂದೂ ಬರೆದಿರುತ್ತದೆ.
- ಏಳನೇ ಎಡ್ವರ್ಡ್ ರೂಪಾಯಿ, 1903ರಿಂದ 1910.
- ಐದನೇ ಜಾರ್ಜ್ ರೂಪಾಯಿ, 1911ರಿಂದ 1922.
- ಆರನೇ ಜಾರ್ಜ್ ರೂಪಾಯಿ. 1938 ಮತ್ತು 1939ರವು ಹಳೇ ಅಳತೆಯ ಬೆಳ್ಳಿ. 1940ರಿಂದ 1945ರವರೆಗಿನವು ಅರ್ಧ ಬೆಳ್ಳಿ ಮಾತ್ರ. 1947ರ ರೂಪಾಯಿ ನಿಕ್ಕಲ್. ಅದರಲ್ಲಿ ಬೆಳ್ಳಿ ಇಲ್ಲ.
- ಬೀದರ್, ಕಲಬುರಗಿ, ರಾಯಚೂರು ಕಡೆ ನಿಜಾಮರ ರೂಪಾಯಿ. ಚಾರ್ಮಿನಾರ್ ಚಿತ್ರವಿರುವ ಇವನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು, ಬ್ರಿಟಿಷರದ್ದನ್ನು ಕಲ್ದಾರ್ ಎನ್ನುತ್ತಿದ್ದರು.
- 1969ರ ಗಾಂಧಿ ಶತಮಾನೋತ್ಸವದ 10 ರೂಪಾಯಿ ನಾಣ್ಯ.

ತೂಕದ ಬೆಲೆ ಲೆಕ್ಕ ಹಾಕಿ

ಯಾವ ನಾಣ್ಯಕ್ಕೂ ಅದರೊಳಗಿನ ಬೆಳ್ಳಿಯ ಬೆಲೆ ಅನ್ನೋದು ಒಂದಿದೆ. ಅದಕ್ಕಿಂತ ಕೆಳಗೆ ಯಾರೂ ಮಾರಬೇಕಿಲ್ಲ.

1939ರವರೆಗಿನ ಬ್ರಿಟಿಷ್ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ಅದರಲ್ಲಿ ಶೇ. 91.7 ಬೆಳ್ಳಿ, ಉಳಿದದ್ದು ತಾಮ್ರ. ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. 1940ರ ನಂತರದ ರೂಪಾಯಿಯೂ ಅಷ್ಟೇ ತೂಕ, ಆದರೆ ಬೆಳ್ಳಿ 5.83 ಗ್ರಾಂ ಮಾತ್ರ. 1940ರ ದಶಕಕ್ಕೆ ಮುಂಚಿನ ಚಾರ್ಮಿನಾರ್ ರೂಪಾಯಿ 11.18 ಗ್ರಾಂ ತೂಗುತ್ತದೆ, ಬೆಳ್ಳಿ ಶೇ. 81.8, ಅಂದರೆ ಸುಮಾರು 9.14 ಗ್ರಾಂ. ಗಾಂಧಿ 10 ರೂಪಾಯಿ 15 ಗ್ರಾಂ, ಬೆಳ್ಳಿ ಶೇ. 80, ಅಂದರೆ 12 ಗ್ರಾಂ.

ಲೆಕ್ಕ ಸುಲಭವಾಗಲಿ ಎಂದು ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದು ಹಿಡಿಯೋಣ. ವಿಕ್ಟೋರಿಯಾ ರೂಪಾಯಿಯ ಬೆಳ್ಳಿಗೆ 1,069 ರೂ., 1944ರ ರೂಪಾಯಿಗೆ 583 ರೂ. ಆಗುತ್ತದೆ. ಅಂದಿನ ರೇಟು ಹಾಕಿಕೊಂಡು ಇದೇ ರೀತಿ ಗುಣಿಸಿ. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು. ಬಣ್ಣಕ್ಕೆ, ವರ್ಷಕ್ಕೆ, ಅಪರೂಪಕ್ಕೆ ಸಿಗುವ ದುಡ್ಡೆಲ್ಲ ಈ ಲೆಕ್ಕದ ಮೇಲೆ ಕೂಡಬೇಕಾದ್ದು.

ಬೆಳ್ಳಿಗೆ ಬಣ್ಣ ಬರೋದು ಹೇಗೆ?

ಬೆಳ್ಳಿಗೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಅದರ ಶತ್ರು ಗಂಧಕ. ಗಾಳಿಯಲ್ಲಿರುವ ಅಲ್ಪಸ್ವಲ್ಪ ಗಂಧಕದ ಅನಿಲ ತೇವದ ಜತೆ ಸೇರಿ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಎಂಬ ಪೊರೆ ಕಟ್ಟುತ್ತದೆ. ರಟ್ಟಿನ ಡಬ್ಬಿ, ಅಗ್ಗದ ಕಾಗದ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್, ಅಡುಗೆಮನೆಯ ಗಾಳಿ ಇವೆಲ್ಲ ಗಂಧಕ ಕೊಡಬಲ್ಲವು. ಪೊಟ್ಟಣ ಕಟ್ಟಿ ಇಟ್ಟ ನಾಣ್ಯಕ್ಕೆ ಬಣ್ಣ ಬರುವುದು ಅದಕ್ಕೇ.

ಈ ಪೊರೆ ಎಷ್ಟು ತೆಳು ಅಂದರೆ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನ ಆಸುಪಾಸು. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಹನಿ ಬಿದ್ದಾಗ ಕಾಮನಬಿಲ್ಲಿನ ಬಣ್ಣ ಕಾಣುತ್ತದಲ್ಲ, ಇಲ್ಲಿಯೂ ಅದೇ ಲೆಕ್ಕ. ಪೊರೆಯ ಮೇಲ್ಭಾಗದಿಂದ ಮತ್ತು ತಳದಿಂದ ವಾಪಸಾಗುವ ಬೆಳಕು ಒಂದಕ್ಕೊಂದು ಸೇರಿ ಬಣ್ಣವಾಗುತ್ತದೆ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ.

ಈ ಬದಲಾವಣೆಗೆ ಒಂದು ಕ್ರಮ ಇದೆ. ಮೊದಲು ತಿಳಿ ಹಳದಿ, ಆಮೇಲೆ ಹೊನ್ನಿನ ಬಣ್ಣ, ನಂತರ ಕೆಂಗಂದು, ನೇರಳೆ, ನೀಲಿ, ತಿಳಿ ನೀಲಿ. ಇನ್ನೂ ದಪ್ಪವಾದರೆ ಮತ್ತೊಮ್ಮೆ ಹಳದಿ, ಕೆನ್ನೇರಳೆ, ಹಸಿರು. ಕೊನೆಗೆ ಬರೀ ಕಪ್ಪು. ಅಂಚಿನಿಂದ ಗಂಧಕ ನುಗ್ಗಿದ ನಾಣ್ಯದಲ್ಲಿ ಅಂಚು ನೀಲಿ, ಒಳಗೆ ನೇರಳೆ, ಇನ್ನೂ ಒಳಗೆ ಹೊನ್ನಿನ ಬಣ್ಣ, ನಡುವೆ ಬಿಳಿ ಬೆಳ್ಳಿ ಹೀಗೆ ಬಳೆಬಳೆಯಾಗಿ ಕಾಣುವುದು ಇದರಿಂದಲೇ. ಈ ಕ್ರಮ ನೆನಪಿಟ್ಟುಕೊಂಡರೆ ಮುಂದೆ ಅಸಲಿ, ನಕಲಿ ಗುರುತಿಸಲು ಅರ್ಧ ಕೆಲಸ ಮುಗಿದಂತೆ.

ಬಣ್ಣಕ್ಕೆ ಬೆಲೆ ಯಾಕೆ?

ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಬೆಳ್ಳಿ ಒತ್ತಡಕ್ಕೆ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ. ಕಣ್ಣಿಗೆ ಕಾಣದ ಸಣ್ಣ ಸಣ್ಣ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದರೆ ಬೆಳಕಿನ ಪಟ್ಟಿ ಗಾಡಿಯ ಚಕ್ರದ ಹಾಗೆ ಸುತ್ತುವುದು ಈ ಗೆರೆಗಳಿಂದ. ಇದು ಟಂಕಸಾಲೆಯ ಮೂಲ ಹೊಳಪು. ಪಾಲಿಶ್ ಮಾಡಿ ಇದನ್ನು ತರಲು ಆಗುವುದಿಲ್ಲ.

ಸಹಜ ಬಣ್ಣದ ಕೆಳಗೆ ಆ ಹೊಳಪು ಇನ್ನೂ ಸುತ್ತುತ್ತಿದ್ದರೆ, ಆ ನಾಣ್ಯವನ್ನು ದಶಕಗಳಿಂದ ಯಾರೂ ತಿಕ್ಕಿಲ್ಲ ಎಂದು ಅರ್ಥ. ಸಂಗ್ರಹಕಾರ ದುಡ್ಡು ಕೊಡುವುದು ಈ ನಂಬಿಕೆಗೆ. ಬಣ್ಣ ಇಲ್ಲಿ ಸಾಕ್ಷಿ ಇದ್ದ ಹಾಗೆ. ಅದರ ಮೇಲೆ ನೋಡಲು ಚೆಂದವೂ ಇದ್ದರೆ ಬೆಲೆ ಇನ್ನಷ್ಟು.

ಈ ರುಚಿ ಹೆಚ್ಚು ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಮೋರ್ಗನ್ ಡಾಲರ್ ಎಂಬ ಬೆಳ್ಳಿ ನಾಣ್ಯಗಳು ದಶಕಗಟ್ಟಲೆ ಸರ್ಕಾರಿ ಖಜಾನೆಯಲ್ಲಿ ಬಟ್ಟೆ ಚೀಲಗಳಲ್ಲೇ ಬಿದ್ದಿದ್ದವು. 1960ರ ದಶಕದ ಶುರುವಿನಲ್ಲಿ ಹೊರಬಂದಾಗ, ಬಟ್ಟೆಗೆ ತಾಗಿದ್ದ ಕೆಲವಕ್ಕೆ ಕಾಮನಬಿಲ್ಲಿನ ಬಣ್ಣ ಬಂದಿತ್ತು. ಇನ್ನೊಂದು ನಾಣ್ಯ ಮುಚ್ಚಿದ್ದ ಭಾಗ ಬಿಳಿಯಾಗಿ, ತೆರೆದಿದ್ದ ಭಾಗ ಅರ್ಧಚಂದ್ರದಂತೆ ಬಣ್ಣವಾಗಿತ್ತು. ಅಂಥವಕ್ಕೆ ಇಂದಿಗೂ ಸಾಮಾನ್ಯ ಡಾಲರ್‌ಗಿಂತ ಹೆಚ್ಚು ಬೆಲೆ. ನಮ್ಮ ಬ್ರಿಟಿಷ್ ರೂಪಾಯಿಗಳಿಗೂ ಈಗ ಅದೇ ಕಣ್ಣಿನಿಂದ ನೋಡುವ ಸಂಗ್ರಹಕಾರರಿದ್ದಾರೆ.

ಯಾವುದು ಚೆಂದ, ಯಾವುದು ಹಾನಿ?

ಎಲ್ಲ ಬಣ್ಣವೂ ಒಂದೇ ಅಲ್ಲ. ಮೂರು ಗುಂಪು ಮಾಡಿ ನೋಡಬಹುದು.

*ಬೆಲೆ ಹೆಚ್ಚಿಸುವಂಥದ್ದು:* ಹೊಳಪು ಉಳಿದಿರುವ ನಾಣ್ಯದ ಮೇಲೆ ತಿಳಿಯಾಗಿ, ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಕರಗುವ ಹೊನ್ನು, ನೇರಳೆ, ನೀಲಿ. ರಾಜನ ಮುಖ, ಅಕ್ಷರ, ಹೂಬಳ್ಳಿ ಎಲ್ಲ ಸ್ಪಷ್ಟವಾಗಿರಬೇಕು.

*ಬೆಲೆ ಕಾಯುವಂಥದ್ದು:* ಸವೆದ ನಾಣ್ಯದ ಸಮನಾದ ಬೂದು ಬಣ್ಣ. ತಗ್ಗಿನಲ್ಲಿ ಕಪ್ಪು ಉಳಿದು, ಉಬ್ಬು ಭಾಗ ತಿಳಿಯಾಗಿರುವ ರೂಪಾಯಿ. ಕಾಮನಬಿಲ್ಲು ಇಲ್ಲದಿದ್ದರೂ, ಇದು ಕೈ ಬದಲಾಯಿಸುತ್ತ ಸಹಜವಾಗಿ ಹಳತಾದ ನಾಣ್ಯ ಎಂದು ಹೇಳುತ್ತದೆ. ಅನುಭವಸ್ಥರು ತಿಕ್ಕಿ ಬೆಳ್ಳಗೆ ಮಾಡಿದ್ದಕ್ಕಿಂತ ಇದನ್ನೇ ಆರಿಸುತ್ತಾರೆ.

*ಬೆಲೆ ತಗ್ಗಿಸುವಂಥದ್ದು:* ಹೊಳಪನ್ನೇ ನುಂಗಿದ ದಪ್ಪ ಕಪ್ಪು, ಚುಕ್ಕೆಚುಕ್ಕೆ ಕಲೆ, ರಬ್ಬರ್ ಬ್ಯಾಂಡಿನ ಗೆರೆ, ಬೆರಳಚ್ಚು, ಅರಿಸಿನ ಕುಂಕುಮ ಅಂಟಿ ಕೂತ ಗುರುತು, ಹಸಿರು ಜಿಗುಟು. ಈ ಜಿಗುಟು ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್ ಕವರಿನಿಂದ ಬಂದದ್ದು. ಬಿಟ್ಟರೆ ನಾಣ್ಯವನ್ನು ತಿನ್ನುತ್ತಲೇ ಹೋಗುತ್ತದೆ. ಅದನ್ನು ಗಿರಾಕಿಗೆ 'ಹಸಿರು ಟೋನಿಂಗ್' ಎಂದು ಹೇಳಿ ಮಾರುವುದು ಸರಿಯಲ್ಲ.

1940ರ ನಂತರದ ಅರ್ಧ ಬೆಳ್ಳಿ ರೂಪಾಯಿಗಳಲ್ಲಿ ಶೇ. 40 ತಾಮ್ರ ಇರುವುದರಿಂದ ಬಣ್ಣ ಬಹುಪಾಲು ಮಂಕು ಕಂದು, ಬೂದು ಆಗಿಬಿಡುತ್ತದೆ. ಅವುಗಳಿಂದ ಹೆಚ್ಚು ನಿರೀಕ್ಷೆ ಬೇಡ.

ಸಹಜವೋ, ಮಾಡಿಸಿದ್ದೋ? ಐದು ಪರೀಕ್ಷೆ

ಬಣ್ಣಕ್ಕೆ ದುಡ್ಡು ಸಿಗುತ್ತದೆ ಎಂದಾದ ಮೇಲೆ ಬಣ್ಣ ಮಾಡುವವರೂ ಹುಟ್ಟಿಕೊಂಡರು. ರಾಸಾಯನಿಕ ಹಚ್ಚಿ, ಬಿಸಿ ಮಾಡಿ ಕೆಲವೇ ಗಂಟೆಯಲ್ಲಿ ಕಾಮನಬಿಲ್ಲು ತರಿಸಬಹುದು. ದುಡ್ಡು ಕೊಡುವ ಮುಂಚೆ ಒಂದೇ ಬಲ್ಬಿನ ಬೆಳಕು, ಒಂದು ಭೂತಗನ್ನಡಿ ಇಟ್ಟುಕೊಂಡು ಇಷ್ಟು ನೋಡಿ.

1. ಓರೆ ಮಾಡಿ ನೋಡಿ. ಸಹಜ ಬಣ್ಣದ ಕೆಳಗೆ ಹೊಳಪು ಚಲಿಸುತ್ತದೆ. ಮಾಡಿಸಿದ ಬಣ್ಣ ಎಷ್ಟೋ ಸಲ ಪೇಂಟು ಬಳಿದಂತೆ ಮೇಲೇ ಕೂತಿರುತ್ತದೆ, ಕೆಳಗೆ ಜೀವ ಇರಲ್ಲ.
2. ಕ್ರಮ ನೋಡಿ. ಹಳದಿಯ ಪಕ್ಕ ಕೆಂಗಂದು, ಅದರ ಪಕ್ಕ ನೇರಳೆ, ಆಮೇಲೆ ನೀಲಿ ಬಂದಿದೆಯೇ? ಬಿಳಿ ಬೆಳ್ಳಿಗೆ ತಾಗಿದಂತೆ ದಿಢೀರನೆ ಕಡುನೀಲಿ ಬಂದರೆ, ನಡುವಿನ ಬಣ್ಣಗಳೇ ಇಲ್ಲದಿದ್ದರೆ ಅನುಮಾನ ಪಡಿ.
3. ಅಕ್ಷರದ ಸುತ್ತ ನೋಡಿ. ಉಬ್ಬಿದ ಅಕ್ಷರಗಳು ಗಂಧಕವನ್ನು ತಡೆಯುವುದರಿಂದ ಅವುಗಳ ಬುಡದಲ್ಲಿ ಬಣ್ಣ ಸ್ವಲ್ಪ ಬದಲಾಗುವುದು ಸಹಜ ನಾಣ್ಯದ ಲಕ್ಷಣ. ದ್ರಾವಣ ಹರಿದು ಮೂಲೆಗಳಲ್ಲಿ ನಿಂತಂತೆ ಕಂಡರೆ ಅದು ಕೈಕೆಲಸ.
4. ಗೀರು ನೋಡಿ. ತಿಕ್ಕಿದ ಗೆರೆಗಳು ಪೂರ್ತಿ ಇದ್ದು, ಅವುಗಳ ಒಳಗೂ ಹೊರಗೂ ಒಂದೇ ಹೊಚ್ಚ ಹೊಸ ಬಣ್ಣ ತುಂಬಿದ್ದರೆ ನಾಣ್ಯವನ್ನು ಮೊದಲು ತಿಕ್ಕಿ ಆಮೇಲೆ ಬಣ್ಣ ಮಾಡಿರುವ ಸಾಧ್ಯತೆ ಹೆಚ್ಚು.
5. ಗುಂಪು ನೋಡಿ. ಒಬ್ಬನೇ ಮಾರಾಟಗಾರನ ಹತ್ತು ನಾಣ್ಯ, ಹತ್ತಕ್ಕೂ ಒಂದೇ ಥರ ಉಗ್ರ ನೇರಳೆ-ನೀಲಿ. ಬೇರೆ ಬೇರೆ ಮನೆಯಿಂದ ಬಂದ ನಾಣ್ಯ ಹೀಗಿರಲು ಸಾಧ್ಯವೇ?

ಒಂದೇ ಪರೀಕ್ಷೆಯಿಂದ ತೀರ್ಮಾನ ಬೇಡ. ಎರಡು ಮೂರು ಕಡೆ ಅನುಮಾನ ಬಂದರೆ ಬಿಟ್ಟುಬಿಡುವುದೇ ಲೇಸು. ಫೋಟೋದಲ್ಲಿ ಬಣ್ಣ ಹೆಚ್ಚಿಸುವುದು ಬೆರಳ ತುದಿಯ ಕೆಲಸ. ಹಾಗಾಗಿ ವಾಟ್ಸಾಪ್ ಚಿತ್ರ ನೋಡಿ ಮುಂಗಡ ಹಾಕಬೇಡಿ. ಓರೆ ಮಾಡಿ ತೆಗೆದ ವಿಡಿಯೋ ಕೇಳಿ. ದುಬಾರಿ ನಾಣ್ಯವಾದರೆ ಎನ್‌ಜಿಸಿ, ಪಿಸಿಜಿಎಸ್‌ನಂಥ ಅಮೆರಿಕದ ಸಂಸ್ಥೆಗಳು ಪರೀಕ್ಷಿಸಿ ಮುಚ್ಚಿಕೊಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ತೊಳೆದದ್ದು, ಬಣ್ಣ ಅನುಮಾನಾಸ್ಪದ ಎಂದಿದ್ದರೆ ಅದನ್ನು ಅವರು ಲೇಬಲ್ ಮೇಲೇ ನಮೂದಿಸುತ್ತಾರೆ.

ತೊಳೆದರೆ ಹೋಗುವುದೇನು?

ವಿಭೂತಿ, ಬೂದಿ, ಟೂತ್‌ಪೇಸ್ಟ್ ಇವೆಲ್ಲ ಸಣ್ಣ ಮರಳಿನಂತೆ ಕೆಲಸ ಮಾಡಿ ಕೂದಲೆಳೆಯಂಥ ಗೀರು ಬಿಡುತ್ತವೆ. ಹುಣಸೆಹಣ್ಣಿನ ಹುಳಿ ಬೆಳ್ಳಿಯ ಜತೆಗಿರುವ ತಾಮ್ರವನ್ನು ಎಳೆಯುತ್ತದೆ. ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದರೆ ಪೊರೆ ಕ್ಷಣದಲ್ಲಿ ಮಾಯ, ಜತೆಗೆ ಮೇಲ್ಮೈಯ ಬೆಳ್ಳಿಯೂ ಹೋಗುತ್ತದೆ. ಮತ್ತೆ ಮತ್ತೆ ಅದ್ದಿದರೆ ಹೊಳಪಿನ ಗೆರೆಗಳು ಅಳಿಸಿಹೋಗುತ್ತವೆ. ಅಲ್ಯೂಮಿನಿಯಂ ಹಾಳೆ, ಸೋಡಾ ಹಾಕಿ ಬಿಸಿನೀರಲ್ಲಿ ಇಡುವ ಯೂಟ್ಯೂಬ್ ವಿಧಾನ ಪಾತ್ರೆಗೆ ಆಗಬಹುದು. ನಾಣ್ಯ ಮಾತ್ರ ಬಿಳಿಚಿಕೊಂಡು ಸತ್ತ ಬೆಳ್ಳಿಯಂತೆ ಕಾಣುತ್ತದೆ.

ಹಾಗೆ ತಿಕ್ಕಿದ ಸಾಮಾನ್ಯ ವರ್ಷದ ರೂಪಾಯಿಯನ್ನು ಸಂಗ್ರಹಕಾರ ನೋಡಿ ಪಕ್ಕಕ್ಕೆ ಇಡುತ್ತಾನೆ. ಉಳಿಯೋದು ತೂಕದ ಬೆಲೆ ಅಷ್ಟೇ. ಕಾಸಿನ ಸರಕ್ಕೋ ಡಾಬಿಗೋ ಕೊಂಡಿ ಬೆಸೆದು ಆಮೇಲೆ ತೆಗೆದ ರೂಪಾಯಿಯದ್ದೂ ಇದೇ ಕಥೆ. ಬೆಸುಗೆಯ ಗುರುತು ಅಂಚಿನಲ್ಲಿ ಇದ್ದೇ ಇರುತ್ತದೆ.

ಕೊನೆಗೆ ಬೆಲೆ ಕಟ್ಟೋದು ಹೇಗೆ?

ಅನುಭವಿಗಳು ಹೋಗುವ ಕ್ರಮ ಇದು: ಮೊದಲು ಅಸಲಿಯೇ, ಆಮೇಲೆ ವರ್ಷ ಮತ್ತು ಟಂಕಸಾಲೆ, ಆಮೇಲೆ ಎಷ್ಟು ಸವೆದಿದೆ, ತೊಳೆದಿದ್ದಾರೆಯೇ, ಕೊನೆಗೆ ಬಣ್ಣ. ಬಣ್ಣ ಕೊನೆಯಲ್ಲಿ ಬರುತ್ತದೆ ಎಂಬುದನ್ನು ಮರೆಯಬಾರದು.

ಉದಾಹರಣೆಗೆ, 1911ರ ಐದನೇ ಜಾರ್ಜ್ ರೂಪಾಯಿ. ರಾಜನ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಎಂದು ಗಲಾಟೆಯಾಗಿ ಅದನ್ನು ನಿಲ್ಲಿಸಿದರು. 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ತಂದರು. 'ಹಂದಿ ರೂಪಾಯಿ' ಎಂದೇ ಹೆಸರಾದ ಇದಕ್ಕೆ ಬಣ್ಣ ಇರಲಿ ಬಿಡಲಿ, ಬೇಡಿಕೆ ಇದೆ. ಆರನೇ ಜಾರ್ಜ್‌ನ 1939ರ ರೂಪಾಯಿ ಇನ್ನೂ ಅಪರೂಪ, ಅದಕ್ಕೇ ಅದರ ನಕಲಿಯೂ ಹೆಚ್ಚು. ಅದೇ 1918ರ ರೂಪಾಯಿ ಬೇಕಾದಷ್ಟಿದೆ. ಸವೆದ 1918ಕ್ಕೆ ನೀಲಿ ಬಣ್ಣ ಬಂದಿದೆ ಎಂದು ಲಕ್ಷ ಕೇಳಿದರೆ ಯಾರೂ ಕೊಡಲ್ಲ. ಹೊಳಪು ಪೂರ್ತಿ ಉಳಿದ 1918ಕ್ಕೆ ಚೆಂದದ ಬಣ್ಣ ಇದ್ದರೆ ಅದರ ಮಾತೇ ಬೇರೆ.

ಟಂಕಸಾಲೆ ಗುರುತಿಸಲು: ಐದನೇ ಜಾರ್ಜ್ ರೂಪಾಯಿಯಲ್ಲಿ ಹಿಂಬದಿಯ ಕೆಳಗಿನ ಹೂವಿನ ಹತ್ತಿರ ಸಣ್ಣ ಚುಕ್ಕೆ ಇದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತಾ. 1940ರ ದಶಕದ ರೂಪಾಯಿಯಲ್ಲಿ ಇಂಗ್ಲಿಷ್ 'ಎಲ್' ಇದ್ದರೆ ಲಾಹೋರ್.

ಗಿರಾಕಿ ತಂದ ಕಪ್ಪು ರೂಪಾಯಿಯನ್ನು ಅಂಗಡಿಯವರು 'ಚೊಕ್ಕ ಮಾಡಿಕೊಡ್ತೀವಿ' ಎಂದು ಅದ್ದುವ ಮುಂಚೆ ಒಮ್ಮೆ ಕೇಳುವುದು ಒಳ್ಳೆಯದು. ಕರಗಿಸಲು ತೆಗೆದುಕೊಂಡ ರಾಶಿಯಲ್ಲೂ ವರ್ಷ ನೋಡಿ, ಹೊಳಪು ಉಳಿದದ್ದನ್ನು ಬೇರೆ ಇಟ್ಟರೆ ಇಬ್ಬರಿಗೂ ಲಾಭ.

ಇಡುವ ರೀತಿ

- ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಮುಖದ ಮೇಲೆ ಬೆರಳು ಇಡಬೇಡಿ.
- ಪಿವಿಸಿ ಅಲ್ಲದ, ನಾಣ್ಯಕ್ಕೆಂದೇ ಮಾಡಿದ ಕವರು ಅಥವಾ ಡಬ್ಬಿ ಬಳಸಿ. ರಬ್ಬರ್ ಬ್ಯಾಂಡ್ ಬೇಡ.
- ತೇವವಿಲ್ಲದ ಜಾಗದಲ್ಲಿಡಿ. ಮಲೆನಾಡು, ಕರಾವಳಿಯವರು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ.
- ಪೂಜೆಗೆ ಒಂದೆರಡು ಸವೆದ ರೂಪಾಯಿ ಬೇರೆ ಮಾಡಿಕೊಳ್ಳಿ. ಅವನ್ನು ತೊಳೆದರೂ ನಷ್ಟ ಇಲ್ಲ. ಉಳಿದವನ್ನು ಮುಟ್ಟಬೇಡಿ.

ಮೋಸ ಮತ್ತು ಕಾನೂನು

ಹಳೇ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಕರೆಗಳನ್ನು ನಂಬಬೇಡಿ. ತನ್ನ ಹೆಸರಿನಲ್ಲಿ ಹೀಗೆ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಇಂಥ ವ್ಯವಹಾರ ತಾನು ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಅಂಥವುಗಳ ವ್ಯಾಪಾರವನ್ನೇ ಮಾಡುವವರಿಗೆ ಪರವಾನಗಿ ಬೇಕು. ಪಾಯ ತೋಡುವಾಗ, ಹೊಲ ಉಳುವಾಗ ಸಿಕ್ಕ ನಿಧಿಯದ್ದು ಬೇರೆಯೇ ಕಾನೂನು. ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ಬಚ್ಚಿಟ್ಟುಕೊಂಡರೆ ಅಪರಾಧ.

ಹಬ್ಬಕ್ಕೆ ಡಬ್ಬಿ ತೆಗೆದಾಗ ಮಾಡಬೇಕಾದ್ದು ಇಷ್ಟು: ವರ್ಷ ಓದಿ, ತೂಕ ಹಾಕಿಸಿ, ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ, ದೀಪದ ಕೆಳಗೆ ಓರೆ ಮಾಡಿ ನೋಡಿ. ಹೊಳಪು ಸುತ್ತಿದರೆ ಗೊತ್ತಿರುವ ಇಬ್ಬರಿಗೆ ತೋರಿಸಿ ಬೆಲೆ ಕೇಳಿ. ಮಾರುವುದೋ ಇಟ್ಟುಕೊಳ್ಳುವುದೋ ಆಮೇಲೆ ನಿಧಾನವಾಗಿ ಯೋಚಿಸಬಹುದು. ಅಲ್ಲಿಯವರೆಗೆ ವಿಭೂತಿ ಉಂಡೆ ದೀಪಕ್ಕೂ ತಟ್ಟೆಗೂ ಇರಲಿ.